ತಕರಾರಿಲ್ಲದ ಅಂಗಡಿ

ನಮ್ಮ ಬೀದಿಯ ಟಕ್‌ಟಕ್ ಮಾವ ಯಾವ ಕುರ್ಚಿಯ ಮೇಲೂ ನೇರವಾಗಿ ಹೋಗಿ ಕುಳಿತವರಲ್ಲ. ಮೊದಲು ಅದರ ಪಕ್ಕದಲ್ಲಿ ನಿಲ್ಲುತ್ತಾರೆ. ಬಲಗೈಯ ನಡುಬೆರಳನ್ನು ಮಡಚಿ ಅದರ ಗೆಣ್ಣಿನಿಂದ ಬೆನ್ನುಪಟ್ಟಿಯನ್ನೊಮ್ಮೆ, ಕಾಲನ್ನೊಮ್ಮೆ ತಟ್ಟುತ್ತಾರೆ. ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಅರೆಮುಚ್ಚಿ, ಮರದ ಒಳಗಿನಿಂದ ಬರುವ ಉತ್ತರವನ್ನು ಆಲಿಸುತ್ತಾರೆ. ಆಮೇಲೆ ಏನೂ ಹೇಳದೆ ಕುಳಿತುಬಿಡುತ್ತಾರೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ತಂದಿಟ್ಟ ಚಹಾದ ಬಟ್ಟಲನ್ನೂ ಹೀಗೆಯೇ ತಟ್ಟಿದರು. ಅವಳ ಮುಖ ಬಿಗಿಯಿತು. "ಯಾಕೆ, ಸೀಳು ಬಿಟ್ಟಿದ್ಯಾ?" ಎಂದು ಕೇಳಿದಳು. ಅವರು ಉತ್ತರಿಸದೆ ಚಹಾ ಕುಡಿದು ಹೊರಟುಹೋದರು. ಉತ್ತರಿಸದಿರುವುದೇ ಅವರ ಪ್ರಶಂಸೆಯೆಂದು ನಮಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಅವಳು ಆ ಬಟ್ಟಲುಗಳನ್ನು ಅಟ್ಟಕ್ಕೆ ಹಾಕಿ ಬೇರೆಯವನ್ನು ತಂದಾಗಿತ್ತು.

ರೈಲ್ವೆಯಲ್ಲಿ ಅವರದು ಗಾಲಿ ತಟ್ಟುವ ಕೆಲಸ. ಗಾಡಿ ನಿಲ್ದಾಣದಲ್ಲಿ ನಿಂತಾಗ, ಪ್ರಯಾಣಿಕರು ನೀರು ತುಂಬಿಸಿಕೊಳ್ಳುವ, ಕಿಟಕಿಯಿಂದ ಕೈ ಬೀಸುವ ಹೊತ್ತಿನಲ್ಲಿ, ಉದ್ದ ಹಿಡಿಯ ಸುತ್ತಿಗೆ ಹಿಡಿದು ಗಾಡಿಯ ಪಕ್ಕದಲ್ಲೇ ನಡೆಯುತ್ತ ಒಂದೊಂದು ಗಾಲಿಯನ್ನೂ ತಟ್ಟಿ ಕೇಳಬೇಕು. ಗಟ್ಟಿ ಗಾಲಿ ಗಂಟೆಯ ಹಾಗೆ ಮೊಳಗುತ್ತದೆ, ಒಳಗೆ ಬಿರುಕು ಬಿಟ್ಟದ್ದು ಮಂಕಾಗಿ ಗೊಣಗುತ್ತದೆ. ಗಾಲಿ ಸರಿಯಿದ್ದರೆ ಯಾರಿಗೂ ಏನನ್ನೂ ಹೇಳುವ ಪದ್ಧತಿಯಿಲ್ಲ; ಮುಂದಿನ ಗಾಲಿಗೆ ಹೋಗುವುದಷ್ಟೇ. ಸರಿಯಿಲ್ಲದಿದ್ದರೆ ಮಾತ್ರ ಕೂಗಬೇಕು. ಅವರು ಸುಮ್ಮನಿದ್ದರೆ ಗಾಡಿ ಹೊರಡುತ್ತಿತ್ತು, ಬಾಯಿ ತೆರೆದರೆ ನಿಲ್ಲುತ್ತಿತ್ತು. ಇದರ ಜೊತೆಗೆ ಆ ಸುತ್ತಿಗೆಯವರಲ್ಲೇ ಇನ್ನೊಂದು ಕಟ್ಟುಪಾಡಿತ್ತಂತೆ: ತಮ್ಮ ಮನೆಯವರು ಹೋಗುವ ಗಾಡಿಯನ್ನು ತಾವೇ ತಟ್ಟುವ ಹಾಗಿರಲಿಲ್ಲ. ಹೆಂಡತಿ ತವರಿಗೆ ಹೊರಟ ದಿನ ಮಾವ ಸುತ್ತಿಗೆಯನ್ನು ಜೊತೆಯವನ ಕೈಗೆ ಕೊಟ್ಟು ನಿಲ್ದಾಣದ ತುದಿಗೆ ಹೋಗಿ ಬೆನ್ನು ಹಾಕಿ ನಿಲ್ಲುತ್ತಿದ್ದರಂತೆ. ಇದನ್ನು ಅವರೇ ನನಗೆ ಹೇಳಿದ್ದು, ಆ ಹೆಂಡತಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ. ಯಾಕೆ ಹಾಗೆ ಎಂದು ಕೇಳಿದೆ. "ಅದು ಹಾಗಲ್ಲ," ಎಂದರು, "ಅದು ಹಾಗೇ."

ಈ 'ಅದು ಹಾಗಲ್ಲ' ಎಂಬುದು ಅವರ ಎಲ್ಲ ಮಾತಿನ ಹೊಸ್ತಿಲು. ಒಪ್ಪುವುದಿದ್ದರೂ ಅದನ್ನು ದಾಟಿಯೇ ಒಪ್ಪಬೇಕು. "ಅದು ಹಾಗಲ್ಲ, ನೀವು ಹೇಳಿದ್ದು ಸರಿ" ಎಂದು ಅವರು ಅಂದಾಗ ಎದುರಿನವರಿಗೆ ಗೆದ್ದೆವೋ ಸೋತೆವೋ ತಿಳಿಯುವುದಿಲ್ಲ. ನಿವೃತ್ತರಾದರೂ ರೈಲ್ವೆಯ ಕಪ್ಪು ಕೋಟನ್ನು ಬಿಟ್ಟಿಲ್ಲ. ಸುತ್ತಿಗೆಯ ತಲೆ ಜೋತುಬಿದ್ದು ಜೋತುಬಿದ್ದು ಅದರ ಬಲಗಡೆಯ ಜೇಬು ಮೊಣಕಾಲಿನವರೆಗೆ ಇಳಿದಿದೆ. ಸುತ್ತಿಗೆಯನ್ನು ಒಪ್ಪಿಸಿ ಬಂದ ಮೇಲೂ ಅವರು ಬಲಕ್ಕೆ ವಾಲಿಕೊಂಡೇ ನಡೆಯುತ್ತಾರೆ, ಇಲ್ಲದ ಭಾರವನ್ನು ಹೊತ್ತವರಂತೆ. ಹಿಂದಿನಿಂದ ನೋಡಿದವರು ಯಾರೋ ಅವರ ಕೈ ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದಾರೆ ಎಂದುಕೊಳ್ಳಬೇಕು.

ತಟ್ಟಲು ಗಾಲಿಗಳಿಲ್ಲದೆ ಹೋದ ಮೇಲೆ ಈ ಬೆರಳು ಏನು ಮಾಡಬೇಕು? ಅದಕ್ಕೊಂದು ದಾರಿಯನ್ನು ನಮ್ಮ ಪುರಸಭೆಯೇ ತೋರಿಸಿತು. ಇಲ್ಲಿ ಯಾರೇ ಅಂಗಡಿ ತೆರೆಯಬೇಕೆಂದರೂ ಪರವಾನಗಿಗೆ ಅರ್ಜಿ ಹಾಕಬೇಕು. ಆ ಅರ್ಜಿಯ ಸುದ್ದಿಯನ್ನು ಅಂಗಡಿಯ ಬಾಗಿಲಿಗೇ ಅಂಟಿಸುತ್ತಾರೆ. ಆಕ್ಷೇಪಣೆಯಿದ್ದವರು ಪುರಸಭೆಯ ಪರವಾನಗಿ ಕಿಟಕಿಯಲ್ಲಿ ಬಂದು ತಿಳಿಸತಕ್ಕದ್ದು ಎಂದು ಅದರ ಬುಡದಲ್ಲಿ ಸಣ್ಣಗೆ ಮುದ್ರಿಸಿರುತ್ತಾರೆ. ಇಂಥ ಕಾಗದವನ್ನು ಓದುವ ಪ್ರಾಣಿ ಲೋಕದಲ್ಲಿ ಇರಲಾರದೆಂಬ ಧೈರ್ಯದಿಂದಲೇ ಅದನ್ನು ಅಂಟಿಸುವುದು. ಮಾವ ಓದಿದರು. ಓದಿ, ಒಳಗೆ ಹೋಗಿ, ಗೋಡೆ, ಹೊಸ್ತಿಲು, ಮೆಟ್ಟಿಲು, ಕಂಬ ಎಲ್ಲವನ್ನೂ ತಟ್ಟಿ ಕೇಳಿದರು. ಕ್ಷೌರಿಕನ ಅಂಗಡಿಯ ಮೆಟ್ಟಿಲು ಒಳಗೆ ಟೊಳ್ಳು. ಸೈಕಲ್ ರಿಪೇರಿಯವನ ಬಾಗಿಲ ಮೇಲಿನ ತೊಲೆ ಸೀಳು. ಫೋಟೋ ತೆಗೆಯುವಾಕೆಯ ಕೋಣೆಯ ಸುಳ್ಳು ಚಾವಣಿ ಹೆಸರಿಗೆ ತಕ್ಕ ಹಾಗೆಯೇ ಇದೆ. ಒಂದೊಂದಕ್ಕೂ ಕಿಟಕಿಗೆ ಹೋಗಿ ತಕರಾರು ಹಾಕಿದರು, ಸಮಿತಿಯ ವಿಚಾರಣೆಗೆ ಕೋಟು ತೊಟ್ಟು ಹೋಗಿ ಎದ್ದು ನಿಂತು ಹೇಳಿದರು.

ಇಂಥ ಮನುಷ್ಯನನ್ನು ಬೀದಿಯ ವ್ಯಾಪಾರಿಗಳು ಹಲ್ಲು ಕಡಿದು ದ್ವೇಷಿಸಬೇಕೆಂದು ನಾನು ಎಣಿಸಿದ್ದೆ. ಆದರೆ ನಾನು ಕಂಡದ್ದೇ ಬೇರೆ. ಮಾವ ಬೀದಿಗೆ ಇಳಿದರೆ ಕ್ಷೌರಿಕ ಅರ್ಧ ಬೋಳಿಸಿದ ಗಲ್ಲವನ್ನು ಹಾಗೆಯೇ ಬಿಟ್ಟು ಬಾಗಿಲಿಗೆ ಬರುತ್ತಾನೆ. ಸೈಕಲ್‌ನವನು ಮಸಿಯ ಕೈಯಿಂದಲೇ ಸ್ಟೂಲು ಒರೆಸುತ್ತಾನೆ. ಇನ್ನೂ ಪರವಾನಗಿ ಸಿಗದವರಂತೂ ಹೊಸ ಅಳಿಯನನ್ನು ಕರೆಯುವ ಹಾಗೆ "ಮಾವ, ನಮ್ಮ ಕಡೆ ಒಂದ್ಸಲ ಕಾಲು ಹಾಕಿ, ಸುಮ್ನೆ ನೋಡಿ ಹೋಗಿ" ಎಂದು ಬೆನ್ನು ಬೀಳುತ್ತಾರೆ. ನನಗೆ ತಲೆಬುಡ ತಿಳಿಯಲಿಲ್ಲ. ಒಂದು ದಿನ ಕ್ಷೌರದ ಕುರ್ಚಿಯಲ್ಲಿ ಕುಳಿತು, ಕತ್ತಿ ಕುತ್ತಿಗೆಯ ಮೇಲಿರುವಾಗ ಕೇಳಬಾರದ ಪ್ರಶ್ನೆಯೆಂದು ಗೊತ್ತಿದ್ದೂ, ಕೇಳಿಯೇಬಿಟ್ಟೆ.

ಕ್ಷೌರಿಕ ಬಾಗಿಲು ಮುಚ್ಚಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಸಾರ್, ತಕರಾರು ಬಂದ್ರೆ ನಮ್ಮ ಅರ್ಜಿ ಸಮಿತಿ ಮುಂದೆ ಹೋಗುತ್ತೆ. ಅವ್ರು ಕೇಳ್ತಾರೆ, ಇದು ಸರಿ ಮಾಡು ಅಂತಾರೆ, ಮಾಡಿದ್ರೆ ಎಲ್ಲಾರೂ ಸೇರ್ಕೊಂಡು ಸಹಿ ಹಾಕ್ತಾರೆ. ತಕರಾರು ಬರ್ಲಿಲ್ಲ ಅನ್ನಿ, ಆಗ ಅಧಿಕಾರಿ ಒಬ್ರೇ ಸಹಿ ಹಾಕ್ಬೇಕು. ಒಬ್ರೇ ಹಾಕೋಕೆ ಯಾವ ಅಧಿಕಾರಿಗೆ ಎದೆ ಇದೆ ಹೇಳಿ? ಕಡತ ಅಲ್ಲೇ ಕೊಳೆಯುತ್ತೆ. ಮಾವ ತಕರಾರು ಹಾಕಿದ್ದಕ್ಕೇ ನಾನಿವತ್ತು ಕತ್ತಿ ಹಿಡ್ಕೊಂಡಿದೀನಿ."

ನಾನು ನಂಬಲಿಲ್ಲ. ಪರವಾನಗಿ ಕಿಟಕಿಗೇ ಹೋಗಿ ವಿಚಾರಿಸಿದೆ. ಅಲ್ಲಿನ ಗುಮಾಸ್ತೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ, ಸಿಟ್ಟಿಗಿಂತ ದಣಿವು ಹೆಚ್ಚಿದ್ದ ಹೆಂಗಸು. ದೂರು ಕೇಳಿ ಕೇಳಿ ಆಕೆಗೆ ಮನುಷ್ಯರ ಮುಖ ನೋಡುವುದೇ ಮರೆತಂತಿತ್ತು. "ನಾನು ಮಾಡಿದ ನಿಯಮ ಅಲ್ಲ ಇದು," ಎಂದಳು. "ಒಬ್ರೂ ಬೇಡ ಅಂದಿಲ್ಲ ಅಂದ್ರೆ ಸಾಹೇಬ್ರಿಗೆ ಅನುಮಾನ ಬರುತ್ತೆ. ಎಲ್ಲಾರ ಬಾಯಿ ಮುಚ್ಚಿಸಿರಬೇಕು ಅಂತ. ಒಬ್ರು ಬೇಡ ಅಂದ್ರೆ ಧೈರ್ಯ. ಕೇಳಿ ಕೊಟ್ವಿ ಅಂತ ಹೇಳ್ಬೋದಲ್ಲ." ಈ ತರ್ಕವನ್ನು ನಾನು ಮನೆಯವರೆಗೂ ತಲೆಯಲ್ಲಿ ಹೊತ್ತುಕೊಂಡು ಬಂದೆ. ಅದು ಹುಚ್ಚೆಂದು ಒಮ್ಮೆ ಅನ್ನಿಸುತ್ತಿತ್ತು, ಬಲು ಜಾಣತನವೆಂದು ಇನ್ನೊಮ್ಮೆ.

ಹಾಗೆಂದು ಮಾವ ಕೇಳಿದವರಿಗೆಲ್ಲ ತಕರಾರು ದಾನ ಮಾಡುವ ದೊರೆಯಾಗಿರಲಿಲ್ಲ. ದೋಷ ನಿಜವಾಗಿರಬೇಕು. ಚಪ್ಪಲಿ ಹೊಲಿಯುವವನೊಬ್ಬ ತನ್ನ ಅಂಗಡಿಯಲ್ಲಿ ಹುಡುಕಿದರೂ ಕುಂದು ಸಿಗದೆ, ತಾನೇ ನೆಲದ ಹಲಗೆಯೊಂದರ ಮೊಳೆ ಕಿತ್ತು ಸಡಿಲ ಮಾಡಿಟ್ಟು ಅವರನ್ನು ಕರೆದ. ಮಾವ ಹಲಗೆಯನ್ನು ತಟ್ಟಿದರು, ತಲೆ ವಾಲಿಸಿದರು, ಕಣ್ಣು ಕೆಂಪಗೆ ಮಾಡಿದರು. "ಅದು ಹಾಗಲ್ಲ. ಇದು ನಿನ್ನೆ ಸಡಿಲ ಆಗಿದ್ದು. ತಾನಾಗಿ ಸಡಿಲ ಆಗಿದ್ದರ ದನಿಯೇ ಬೇರೆ. ಆಟ ಆಡ್ತೀಯಾ ನನ್ ಹತ್ರ?" ಎಂದು ಬೈದು ಎದ್ದುಹೋದರು. ಪಾಪ, ಅವನು ಆ ಇಡೀ ವರ್ಷ ತಕರಾರಿಲ್ಲದೆ ಒಣಗಿದ.

ಇನ್ನು ಮಾವನಿಗೆ ಈ ರಹಸ್ಯ ಗೊತ್ತಿತ್ತೇ? ಇಲ್ಲ. ಅವರದೇ ಒಂದು ಸಿದ್ಧಾಂತವಿತ್ತು, ಅದು ಘಟನೆಗಳಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತಿತ್ತು. "ಪುರಸಭೆಯವ್ರಿಗೆ ನನ್ನ ಕಂಡ್ರೆ ಹಟ," ಎನ್ನುತ್ತಿದ್ದರು. "ನಾನು ಬೇಡ ಅಂದಿದ್ದಕ್ಕೆಲ್ಲ ಕೊಡ್ತಾರೆ. ನಾನು ಸುಮ್ನಿದ್ದ ಅಂಗಡಿಗೆ ಕೊಡೋದೇ ಇಲ್ಲ. ಬೇಕಂತ್ಲೇ." ಈ ಬಗ್ಗೆಯೂ ಅವರು ಕಿಟಕಿಯಲ್ಲಿ ದೂರು ಕೊಟ್ಟಿದ್ದರು, ದೂರಿನ ಮೇಲೆ ದೂರು. ತಾವೊಬ್ಬರೇ ಬೀದಿಯನ್ನು ಕಾಯುತ್ತಿದ್ದೇವೆಂದು, ಇಡೀ ಪುರಸಭೆ ತಮ್ಮ ವಿರುದ್ಧ ಟೊಂಕ ಕಟ್ಟಿದೆಯೆಂದು ನಂಬಿ ಅವರು ಪ್ರತಿದಿನ ಬೆಳಗ್ಗೆ ಕೋಟು ತೊಡುತ್ತಿದ್ದರು. ಬೀದಿಯವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಸ್ವಾರ್ಥವೂ ಇತ್ತು, ನಿಜ. ಆದರೆ ಅಷ್ಟೇ ಆಗಿರಲಿಲ್ಲ. ಆ ಮನುಷ್ಯನ ಬೆಳಗುಗಳನ್ನು ಕಿತ್ತುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಅಲ್ಲದೆ, ಮೆಟ್ಟಿಲುಗಳು ಗಟ್ಟಿಯಾಗಿದ್ದವು, ತೊಲೆಗಳು ಬದಲಾಗಿದ್ದವು. ಹಾಗಾದರೆ ಅವರು ಕಾದದ್ದು ಸುಳ್ಳೆಂದು ಹೇಗೆ ಹೇಳುವುದು?

ಅವರಿಗೆ ಒಬ್ಬಳೇ ಮಗಳು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿ ಪಳಗಿದವಳು. ಅವಳ ಬೆರಳುಗಳಿಗೆ ಯಾವಾಗಲೂ ಅಂಟಿನ ವಾಸನೆ. ಅವಳು ದುಡಿಯುತ್ತಿದ್ದ ಮುದ್ರಣಾಲಯ ಮುಚ್ಚಿಹೋದಾಗ, ನಮ್ಮ ಕಟ್ಟಡದ ಕೆಳಗಿನ, ನನ್ನ ಬರೆಯುವ ಕೋಣೆಯ ನೇರ ಅಡಿಯ ಖಾಲಿ ಕೋಣೆಯಲ್ಲಿ ತನ್ನದೇ ಅಂಗಡಿ ತೆರೆಯಲು ನಿಂತಳು. ಮುಚ್ಚಿದ ಮುದ್ರಣಾಲಯದಿಂದ ಕಾಗದ ಕತ್ತರಿಸುವ ಹಳೆಯ ಯಂತ್ರವನ್ನು ತಂದಳು. ಅಪ್ಪ ಆ ಕೋಣೆಯನ್ನು ಕೈಗೆತ್ತಿಕೊಂಡರು. ಬೀದಿಯಲ್ಲೆಲ್ಲ ದೋಷ ಕಂಡು ಹೇಳುತ್ತಿದ್ದವರು ಇಲ್ಲಿ ಕಂಡು ತಿದ್ದಿದರು. ಗಾರೆ ಕೆರೆದು ಹೊಸದಾಗಿ ಮೆತ್ತಿದರು, ಹಲಗೆ ಬದಲಿಸಿದರು, ಯಂತ್ರದ ಅಡಿಗೆ ದಪ್ಪ ರಬ್ಬರ್ ಹಾಸಿದರು, ಮಗಳಿಂದ ಅದನ್ನು ಓಡಿಸಿ ನನ್ನ ಕೋಣೆಗೆ ಬಂದು ನಿಂತು ಕೇಳಿದರು, ಮತ್ತೆ ಮತ್ತೆ ತಟ್ಟಿದರು. ಕೊನೆಗೊಂದು ದಿನ ಇಡೀ ಕೋಣೆಯನ್ನು ಸುತ್ತಿ ತಟ್ಟಿ ಬಂದು, ಏನೂ ಹೇಳದೆ ಚಹಾಕ್ಕೆಂದು ನಮ್ಮ ಮನೆಯ ಮಹಡಿ ಹತ್ತಿದರು. ಮಗಳ ಕಣ್ಣು ತುಂಬಿತು. ಅಷ್ಟು ದೊಡ್ಡ ಮೆಚ್ಚುಗೆ ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಅರ್ಜಿ ಹೋಯಿತು, ಬಾಗಿಲಿಗೆ ಕಾಗದ ಅಂಟಿತು, ಯಾರೂ ತಕರಾರು ಮಾಡಲಿಲ್ಲ. ಆ ಕೋಣೆಯಲ್ಲಿ ತಕರಾರಿಗೆ ಉಗುರು ಊರುವಷ್ಟೂ ಜಾಗವಿರಲಿಲ್ಲ. ಕಡತ ಅಧಿಕಾರಿಯ ಮೇಜಿನ ಮೇಲೆ ನಿದ್ದೆಹೋಯಿತು. ಕೋಣೆಯ ಮಾಲೀಕ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಹಾಸಿಗೆ ಮಾರುವವನಿಗೆ ಕೊಡುತ್ತೇನೆ ಎಂದ. ಮಾವ ಮಾತ್ರ ನಿಶ್ಚಿಂತರಾಗಿ "ತಕರಾರಿಲ್ವಲ್ಲ, ಈಗ ಹೇಗೆ ಕೊಡಲ್ಲ ನೋಡ್ತೀನಿ" ಎನ್ನುತ್ತಿದ್ದರು. ಮಗಳು ಅವರಿಗೆ ಏನೆಂದು ಹೇಳಬೇಕು? ನಿನ್ನ ತಕರಾರುಗಳೇ ಇಷ್ಟು ದಿನ ಎಲ್ಲರ ಗಾಡಿ ಹೊರಡಿಸಿದ್ದು ಎನ್ನಬೇಕೆ? ಹಲಗೆಯೊಂದನ್ನು ಸಡಿಲ ಮಾಡೋಣವೆಂದರೆ ಚಪ್ಪಲಿಯವನ ಗತಿ ಕಣ್ಣ ಮುಂದಿತ್ತು. ಅವಳು ಅಂಗಡಿಯಿಂದ ಅಂಗಡಿಗೆ ಎಡತಾಕಿ, ಯಾರಾದರೂ ಒಂದು ತಕರಾರು ಕೊಡಿ ಎಂದು ಬೇಡಿದಳು. ಕ್ಷೌರಿಕ ಹೌಹಾರಿದ. "ಎಂಥಾ ಮಾತಮ್ಮಾ? ನಿಮ್ಮಪ್ಪ ನನಗೆ ಬದುಕು ಕೊಟ್ರು. ಅವರ ಮಗಳ ಅಂಗಡಿ ಮೇಲೆ ನಾನು ತಕರಾರು ಹಾಕ್ಲಾ? ನಾನೇನು ಮನುಷ್ಯ ಅಲ್ವಾ?" ಎಲ್ಲರದೂ ಇದೇ ರಾಗ. ಕೃತಜ್ಞತೆ ಇಷ್ಟು ನಿರುಪಯುಕ್ತವಾದ ವಸ್ತುವೆಂದು ನಾನು ಅದಕ್ಕಿಂತ ಮುಂಚೆ ಎಂದೂ ಕಂಡಿರಲಿಲ್ಲ.

ಕೊನೆಗೆ ಅವಳು ನಮ್ಮ ಮನೆಯ ಬಾಗಿಲಲ್ಲಿ ನಿಂತಳು. "ಮೇಲ್ಗಡೆ ಇರೋರು ನೀವು. ಸದ್ದಾಗುತ್ತೆ ಅಂತ ಒಂದು ಮಾತು ಹೇಳಿ, ಅಷ್ಟೇ. ಅಪ್ಪನಿಗೆ ಮಾತ್ರ ಗೊತ್ತಾಗಬಾರದು." ನಾನು ಹೋಗಿ, ಕತ್ತರಿಸುವ ಯಂತ್ರದ ಸದ್ದಿನಿಂದ ನನ್ನ ಬರವಣಿಗೆಗೆ ಭಂಗ ಬರುತ್ತದೆ ಎಂದು ಹೇಳಿ ಬಂದೆ. ಗುಮಾಸ್ತೆ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು. ವಿಚಾರಣೆಗೆ ಕೂಡಲೇ ದಿನ ಗೊತ್ತಾಯಿತು.

ನಾವಿಬ್ಬರೂ ಮರೆತದ್ದೇನೆಂದರೆ, ಮಾವ ತಮ್ಮ ತಕರಾರಿರಲಿ ಬಿಡಲಿ, ಯಾವ ವಿಚಾರಣೆಯನ್ನೂ ತಪ್ಪಿಸಿದವರಲ್ಲ. ಅಂದು ಸಮಿತಿಯ ಕೋಣೆಯ ಹಿಂದಿನ ಬೆಂಚಿನಲ್ಲಿ ಕಪ್ಪು ಕೋಟು ಕಂಡಾಗ ಮಗಳ ಮುಖ ಬಿಳಿಚಿತು. ಅಧ್ಯಕ್ಷರು ನನ್ನ ಆಕ್ಷೇಪಣೆಯನ್ನು ಓದಿ ಮುಗಿಸುವ ಮೊದಲೇ ಮಾವ ಎದ್ದಿದ್ದರು.

"ಅದು ಹಾಗಲ್ಲ. ಸುಳ್ಳು," ಎಂದರು. "ಇವರ ಕೋಣೇಲಿ ನಿಂತು ನಾನೇ ಕೇಳಿದೀನಿ. ಒಂಚೂರೂ ಸದ್ದು ಬರಲ್ಲ. ಇವರಿಗೆ ಬರೆಯೋಕೆ ಆಗ್ತಿಲ್ಲ ಅಂದ್ರೆ ಅದಕ್ಕೆ ಬೇರೆ ಕಾರಣ ಇರಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ವಿಧಿಯಿರಲಿಲ್ಲ. "ಹೌದೇನ್ರಿ?" ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ಮಾವನ ಕಣ್ಣು ನನ್ನ ಮೇಲೆ ನೆಟ್ಟಿತ್ತು, ಕುರ್ಚಿಯನ್ನು ತಟ್ಟಿ ಆಲಿಸುವಾಗಿನ ಅದೇ ಅರೆಮುಚ್ಚಿದ ಕಣ್ಣು. ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ಸದ್ದು ಬರುವುದಿಲ್ಲ ಎಂದೆ.

"ಹಾಗಾದ್ರೆ ತಕರಾರು ಬಿದ್ದುಹೋಯ್ತು," ಎಂದರು ಅಧ್ಯಕ್ಷರು. "ಕಡತ ವಾಪಸ್."

"ವಾಪಸ್ ಯಾಕೆ? ಪರವಾನಗಿ ಕೊಡಿ," ಎಂದರು ಮಾವ.

"ಕೊಡೋಕಾಗಲ್ಲ ಮಾವ," ಎಂದಳು ಗುಮಾಸ್ತೆ ಮೂಲೆಯಿಂದ. "ತಕರಾರಿಲ್ಲ."

"ತಕರಾರಿಲ್ಲ ಅಂದ್ರೆ ಕೊಡಬೇಕು ತಾನೇ?"

"ತಕರಾರಿಲ್ಲ ಅಂದ್ರೆ ಇಲ್ಲಿಗೆ ಬರೋ ಹಾಗೇ ಇಲ್ಲ. ಅಧಿಕಾರಿಗಳ ಹತ್ರ ಹೋಗುತ್ತೆ. ಅವ್ರು ಸಹಿ ಹಾಕಲ್ಲ." ಆಕೆಯ ದನಿ ಮೆತ್ತಗಾಯಿತು. "ಹಾಕಿದ್ದೇ ಇಲ್ಲ. ನೀವು ತಕರಾರು ಹಾಕಿದ್ದಕ್ಕೇ ಆಗಿದ್ದು, ಇಷ್ಟು ವರ್ಷ ಆಗಿದ್ದೆಲ್ಲ."

ಮಾವ ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಅವಳ ಜೊತೆಗೆಂದು ಬಂದಿದ್ದ ಕ್ಷೌರಿಕನನ್ನು ನೋಡಿದರು. ಮೂವರೂ ನೆಲ ನೋಡುತ್ತಿದ್ದೆವು. "ಎಲ್ಲಾರಿಗೂ ಗೊತ್ತಿತ್ತಾ?" ಎಂದು ಕೇಳಿದರು. ಮಗಳು "ಅಪ್ಪಾ" ಎಂದಳು. ಅವರು ಕುಳಿತರು. ಬೆಂಚನ್ನು ತಟ್ಟದೆ ಕುಳಿತರು. ನನಗೆ ಆ ಕ್ಷಣದಲ್ಲಿ ಪುರಸಭೆಯ ಮೇಲೆ, ನಿಯಮದ ಮೇಲೆ, ನಮ್ಮೆಲ್ಲರ ಜಾಣತನದ ಮೇಲೆ ಅಸಾಧ್ಯ ಸಿಟ್ಟು ಬಂತು. ಗುಮಾಸ್ತೆ ಕಡತದ ದಾರ ಕಟ್ಟತೊಡಗಿದಳು.

"ತಡೀರಿ," ಎಂದರು ಮಾವ ಕುಳಿತಲ್ಲಿಂದಲೇ. ಆಮೇಲೆ ಎದ್ದರು, ಬಲಕ್ಕೆ ವಾಲಿಕೊಂಡು. "ತಕರಾರಿದೆ. ನಂದು. ನಿಜವಾದ್ದು. ಆ ಕೋಣೆ ತಪಾಸಣೆ ಸರಿಯಾಗಿ ಆಗಿಲ್ಲ."

"ಯಾರು ಮಾಡಿದ್ದು ತಪಾಸಣೆ?"

"ನಾನೇ ಮಾಡಿದ್ದು." ಅವರು ಬಲಗೈಯನ್ನು ಮೇಲೆತ್ತಿ ತೋರಿಸಿದರು. "ನಮ್ಮ ಕೆಲಸದಲ್ಲಿ, ನಮ್ಮವರು ಹೋಗೋ ಗಾಡೀನ ನಾವು ತಟ್ಟೋ ಹಾಗಿಲ್ಲ. ಸುತ್ತಿಗೆ ಬೇರೆಯವರಿಗೆ ಕೊಡಬೇಕು. ನಮ್ಮವರು ಒಳಗಿದ್ರೆ ಎಲ್ಲಾ ಗಾಲೀನೂ ಗಟ್ಟಿಯಾಗೇ ಕೇಳುತ್ತೆ. ಗಟ್ಟಿ ಇರಲಿ ಅಂತ ಕಿವಿನೇ ಹೇಳುತ್ತೆ. ಅದು ಗೊತ್ತಿದ್ದೂ ಈ ಕೋಣೇನ ನಾನೇ ತಟ್ಟಿದೆ. ತಪ್ಪು. ಬೇರೆ ಯಾರಾದ್ರೂ ನೋಡಬೇಕು."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪನ ತಪಾಸಣೆಯ ಮೇಲೆ ಅಪ್ಪನೇ ಹಾಕಿದ ಇಂಥ ತಕರಾರು ಅವರ ಅನುಭವದಲ್ಲಿರಲಿಲ್ಲ. ಆದರೆ ತಕರಾರು ತಕರಾರೇ. ಬೇರೆಯವರಿಂದ ತಪಾಸಣೆಯಾಗಬೇಕೆಂದು ತೀರ್ಮಾನವಾಯಿತು. ಬೇರೆಯವರು ಯಾರೆಂದು ಯಾರಿಗೂ ಹೊಳೆಯದೆ, ಅಧ್ಯಕ್ಷರೇ ಸಮಿತಿಯನ್ನು ಬೆನ್ನಿಗೆ ಕಟ್ಟಿಕೊಂಡು ನಮ್ಮ ಬೀದಿಗೆ ನಡೆದರು. ಮಾವ ಒಳಗೆ ಬರಲಿಲ್ಲ. ಬೀದಿಯ ಆಚೆ ಬದಿಗೆ ಹೋಗಿ ಬೆನ್ನು ಹಾಕಿ ನಿಂತರು. ಅಧ್ಯಕ್ಷರು ಪೆನ್ನಿನ ಹಿಂತುದಿಯಿಂದ ಗೋಡೆಯನ್ನು ತಟ್ಟಿದರು. "ಏನು ಕೇಳಿಸ್ಬೇಕು?" ಎಂದು ತಬ್ಬಿಬ್ಬಾಗಿ ಕೇಳಿದರು. ನಮಗ್ಯಾರಿಗೂ ಗೊತ್ತಿರಲಿಲ್ಲ. ಅವರು ಮತ್ತೆ ತಟ್ಟಿದರು, ನೆಲವನ್ನೂ ಬಗ್ಗಿ ತಟ್ಟಿದರು, ಬಾಗಿಲ ಚೌಕಟ್ಟಿಗೆ ಕಿವಿ ಇಟ್ಟರು. "ಸರಿ ಅನ್ಸುತ್ತೆ," ಎಂದರು. ಏನು ಕೇಳಿಸಿತೋ, ಏನೂ ಕೇಳಿಸಲಿಲ್ಲವೋ, ಇಂದಿಗೂ ನನಗೆ ತಿಳಿಯದು. ಅಲ್ಲೇ, ಕತ್ತರಿಸುವ ಯಂತ್ರದ ಮೇಲೆ ಕಡತವಿಟ್ಟು ಸಮಿತಿಯವರೆಲ್ಲ ಸಹಿ ಹಾಕಿದರು.

ಆಮೇಲೆ ಕೆಲವು ವಾರ ಮಾವ ಏನನ್ನೂ ತಟ್ಟಲಿಲ್ಲ. ನಮ್ಮ ಮನೆಗೆ ಬಂದು ಕುರ್ಚಿಯಲ್ಲಿ ನೇರವಾಗಿ ಕುಳಿತುಬಿಟ್ಟಾಗ ನನ್ನ ಹೆಂಡತಿ ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಅಟ್ಟದ ಹಳೆಯ ಬಟ್ಟಲುಗಳನ್ನು ಇಳಿಸಿ ಅವುಗಳಲ್ಲೇ ಚಹಾ ಕೊಟ್ಟಳು. ಅವರು ತಟ್ಟದೆ ಕುಡಿದರು. "ಅದು ಹಾಗಲ್ಲ," ಎಂದರು ಬಟ್ಟಲು ಕೆಳಗಿಟ್ಟು, "ಇಷ್ಟು ವರ್ಷ ನಾನು ನಿಲ್ಲಿಸ್ತಿದೀನಿ, ಅವ್ರು ಹಟಕ್ಕೆ ಬಿಡ್ತಿದಾರೆ ಅಂದ್ಕೊಂಡಿದ್ದೆ." ನಾನು ಮೆಟ್ಟಿಲು, ತೊಲೆ, ಚಾವಣಿ ಎಂದು ಏನೇನೋ ಸಮಾಧಾನ ಹೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಆದರೆ ಮುಂದೊಂದು ದಿನ ಬೀಗ ರಿಪೇರಿಯವನೊಬ್ಬ ಹೊಸದಾಗಿ ಕಾಗದ ಅಂಟಿಸಿದಾಗ, ಬೀದಿಯ ತುದಿಯಿಂದ ಟಕ್ ಟಕ್ ಎಂಬ ಸದ್ದು, ಅದರ ಹಿಂದೆಯೇ "ಯಾವನೋ ಇದನ್ನ ಕಟ್ಟಿದ್ದು?" ಎಂಬ ಗದರಿಕೆ ಕೇಳಿತು. ಕ್ಷೌರಿಕ ಬಾಗಿಲಿಗೆ ಬಂದು ನನ್ನತ್ತ ನೋಡಿ ಹಲ್ಲು ಕಿರಿದ. ತಮ್ಮ ತಕರಾರು ಗಾಡಿಯನ್ನು ಹೊರಡಿಸುತ್ತದೆಂದು ತಿಳಿದೂ ಮಾವ ಅದನ್ನು ಹಾಕುತ್ತಾರೆ. ದೋಷ ನಿಜವಾಗಿದ್ದರೆ ಮಾತ್ರ, ಮೊದಲಿನಂತೆಯೇ. ಇದಕ್ಕೆ ಸೋಲೆನ್ನಬೇಕೋ ಗೆಲುವೆನ್ನಬೇಕೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಕುಂದು ಹುಡುಕುವವರನ್ನು ನಾವು ಕಲ್ಲೆದೆಯವರೆಂದು ಸುಲಭವಾಗಿ ತಳ್ಳಿಹಾಕುತ್ತೇವೆ. ಯಾವುದನ್ನೂ ನಂಬದವರು, ಯಾವುದರಲ್ಲೂ ಸಂತೋಷ ಕಾಣದವರು ಎನ್ನುತ್ತೇವೆ. ನಾನೂ ಹಾಗೆಯೇ ಎಣಿಸಿದ್ದೆ. ಈಗ ಪ್ರತಿ ಬೆಳಗ್ಗೆ ಕಿಟಕಿಯಿಂದ ನೋಡುತ್ತೇನೆ: ಮಾವ ಬೀದಿಗಿಳಿದು ಕ್ಷೌರಿಕನ ಮೆಟ್ಟಿಲನ್ನು ತಟ್ಟುತ್ತಾರೆ, ಸೈಕಲ್‌ನವನ ಬಾಗಿಲನ್ನು ತಟ್ಟುತ್ತಾರೆ, ದೀಪದ ಕಂಬವನ್ನು ತಟ್ಟುತ್ತಾರೆ; ರಟ್ಟಿನ ಅಂಗಡಿಯ ಮುಂದೆ ಬಂದಾಗ ಮಾತ್ರ ಆ ಕೈ ಕೋಟಿನ ಜೋತುಬಿದ್ದ ಜೇಬಿನೊಳಕ್ಕೆ ಹೋಗುತ್ತದೆ. ಲೋಕವನ್ನೆಲ್ಲ ತಟ್ಟಿ ನೋಡುವ ಈ ಬಗೆಯ ಜನರನ್ನು ಅರಿಯಬೇಕಾದರೆ ಅವರು ತಟ್ಟಿದ್ದನ್ನೆಲ್ಲ ಲೆಕ್ಕ ಹಾಕಿ ಪ್ರಯೋಜನವಿಲ್ಲ. ತಮ್ಮ ಕಿವಿಯನ್ನೇ ತಾವು ನಂಬಲಾರದ ಬಾಗಿಲೊಂದು ಅವರಿಗೂ ಇರುತ್ತದೆ, ಅದರ ಮುಂದೆ ಅವರು ಕೈ ಬಚ್ಚಿಟ್ಟುಕೊಂಡು ಹಾದುಹೋಗುತ್ತಾರೆ.